ಮನೆಗೆ ಹಾಜರಿ ಪುಸ್ತಕವಿಲ್ಲ

ನಾನು ಎಂ.ಕಾಂ. ವಿದ್ಯಾರ್ಥಿ. ಬೆಳಿಗ್ಗೆ ತರಗತಿ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಅರೆಕಾಲಿಕ ಕೆಲಸ. ಆ ಸಂಬಳದಲ್ಲೇ ಕೋಣೆಯ ಬಾಡಿಗೆ, ಊಟ, ಶುಲ್ಕ ಎಲ್ಲವೂ ಸಾಗಬೇಕು. ತಿಪಟೂರಿನ ಬಳಿಯ ನಮ್ಮ ತುಂಡು ತೋಟದ ತೆಂಗು ಮನೆಯ ಖರ್ಚಿಗೇ ಸಾಲದು.

‘ಓದು, ಕೆಲಸ, ಮನೆ ಮೂರನ್ನೂ ಹೇಗೆ ಸರಿದೂಗಿಸುತ್ತೀಯ?’ ಎಂದು ಬಂಧುಗಳು ಮೆಚ್ಚುಗೆಯಿಂದ ಕೇಳಿದಾಗ ಹೆಮ್ಮೆಪಡುತ್ತಿದ್ದೆ. 2025ರ ಯುಗಾದಿಗೆ ಊರಿಗೆ ಹೋದಾಗ ಆ ಹೆಮ್ಮೆ ಇಳಿಯಿತು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ ಕಳೆದಿತ್ತು. ತಮ್ಮ ತರಗತಿ ಬಿಟ್ಟು ಆಸ್ಪತ್ರೆಯಲ್ಲಿದ್ದನಂತೆ. ‘ಇಪ್ಪತ್ತನೇ ತಾರೀಖು ಅಂದ್ರೆ ನಿಂಗೆ ಪುರುಸೊತ್ತಿರಲ್ವಲ್ಲ ಮಗಾ, ಅದಕ್ಕೇ ಹೇಳಲಿಲ್ಲ’ ಎಂದರು ಅಮ್ಮ.

ತಿಂಗಳ 11ರೊಳಗೆ ವರ್ತಕರ ಮಾರಾಟದ ವಿವರ, 20ರೊಳಗೆ ತೆರಿಗೆಯ ಲೆಕ್ಕ ಸಲ್ಲಿಸಬೇಕು. ಜಿಎಸ್‌ಟಿಯ ಈ ಗಡುವುಗಳು ಅಮ್ಮನಿಗೂ ಬಾಯಿಪಾಠವಾಗಿದ್ದವು.

ಲೆಕ್ಕದವನಾದ್ದರಿಂದ ನನ್ನ ವಾರದ ಜಮಾ-ಖರ್ಚನ್ನೂ ಬರೆದು ನೋಡಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷದ 40 ಕ್ರೆಡಿಟ್‌ಗಳಿಗೆ 1,200 ಗಂಟೆಗಳ ಕಲಿಕೆ ಬೇಕು. ಸುಮಾರು 30 ವಾರಗಳಿಗೆ ಹಂಚಿದರೆ ವಾರಕ್ಕೆ 40 ಗಂಟೆ. ಕಚೇರಿಗೆ 30, ಬಸ್ಸಿಗೆ 12, ನಿದ್ದೆಗೆ 49. ವಾರದ 168ರಲ್ಲಿ ಉಳಿಯುವುದು 37. ಅಡುಗೆ, ಬಟ್ಟೆ, ಗೆಳೆತನ, ಊರು, ಕಾಯಿಲೆ ಎಲ್ಲವೂ ಅದರೊಳಗೇ. ಕಾಗದದ ಮೇಲೆ ಲೆಕ್ಕ ತಾಳೆಯಾಗುತ್ತದೆ. ಆದರೆ ಗಡುವಿನ ದಿನ ಕಚೇರಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಆಂತರಿಕ ಪರೀಕ್ಷೆಯ ದಿನಾಂಕ ಎರಡು ದಿನ ಮೊದಲಷ್ಟೇ ಗೋಡೆಗೆ ಅಂಟುತ್ತದೆ.

ಆಗ ಯಾವುದನ್ನು ಬಿಡುವುದು? ಹಾಜರಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕಚೇರಿಗೆ ಹೋಗದಿದ್ದರೆ ಸಂಬಳ ಕಡಿತ. ಹಾಜರಿ ಪುಸ್ತಕ ಇಡದಿರುವುದು ಮನೆಯೊಂದೇ. ಹಾಗಾಗಿ ಪ್ರತಿ ಬಾರಿಯೂ ಮನೆಗೇ ಗೈರುಹಾಜರಿ. ಸರಿದೂಗಿಸುವುದೆಂದು ನಾವು ಕರೆಯುವ ಬಹುಪಾಲು, ಕೇಳದೆ ಸುಮ್ಮನಿರುವವರ ಪಾಲನ್ನು ಕತ್ತರಿಸುವುದೇ ಆಗಿದೆ.

‘ನಾವು ವಾರಾನ್ನ ಉಂಡು ಓದಿದವರು’ ಎಂದು ಹಿರಿಯರು ನೆನಪಿಸುವುದುಂಟು. ಆ ಕಷ್ಟ ಸಣ್ಣದಲ್ಲ. ಆದರೆ ವಾರಾನ್ನವಾಗಲಿ, ಸಿದ್ಧಗಂಗಾ ಮಠದಂತಹ ಉಚಿತ ವಿದ್ಯಾರ್ಥಿನಿಲಯಗಳಾಗಲಿ ಅನ್ನವನ್ನಷ್ಟೇ ಕೊಡಲಿಲ್ಲ. ಅನ್ನಕ್ಕಾಗಿ ದುಡಿಯಬೇಕಿದ್ದ ಹೊತ್ತನ್ನೂ ಉಳಿಸಿಕೊಟ್ಟವು. ಇಂದು ನಗರದಲ್ಲಿ ಓದುವ ಬಡ ವಿದ್ಯಾರ್ಥಿಗೆ ಹಾಸಿಗೆಯಷ್ಟೇ ಹೊತ್ತೂ ದುಬಾರಿ.

ದೂರಶಿಕ್ಷಣ ಇದೆಯಲ್ಲ ಎನ್ನಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಆ ದಾರಿಯನ್ನು ತೆರೆದಿಟ್ಟಿದೆ. ಆದರೆ ಗುರುಗಳ ಎದುರು ಕೂತು ಪ್ರಶ್ನೆ ಕೇಳುವ ಅವಕಾಶ ದುಡಿಯುವವನಿಗೆ ಏಕೆ ಇರಬಾರದು? ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಯನ್ನು ಅರೆಕಾಲಿಕವಾಗಿ ಮಾಡಲು ಅವಕಾಶ ನೀಡಿದೆ. ಸ್ನಾತಕೋತ್ತರ ತರಗತಿಗಳನ್ನೂ ಎರಡರ ಬದಲು ಮೂರು ವರ್ಷಕ್ಕೆ ಹರಡಿಕೊಂಡು ಓದುವಂತಾಗಲಿ. ಅದಾಗುವವರೆಗೆ ಹಣ ಬೇಡದ ಎರಡು ಕೆಲಸಗಳನ್ನಾದರೂ ಮಾಡಬಹುದು: ಪರೀಕ್ಷಾ ದಿನಾಂಕಗಳನ್ನು ಸೆಮಿಸ್ಟರಿನ ಆರಂಭದಲ್ಲೇ ಪ್ರಕಟಿಸುವುದು; ತರಗತಿಗಳ ನಡುವೆ ಖಾಲಿ ಗಂಟೆಗಳಿಲ್ಲದಂತೆ ವೇಳಾಪಟ್ಟಿ ಹೊಂದಿಸುವುದು.

ಅಪ್ಪನ ಇನ್ನೊಂದು ಕಣ್ಣಿನ ಶಸ್ತ್ರಚಿಕಿತ್ಸೆ ಬಾಕಿಯಿದೆ. ಈ ಬಾರಿ ದಿನ ಗೊತ್ತುಮಾಡುವ ಮೊದಲು ಅಮ್ಮ ನನ್ನನ್ನು ಕೇಳಿದ್ದಾರೆ. ಪರೀಕ್ಷೆಯ ದಿನಾಂಕ ಪ್ರಕಟವಾಗಿಲ್ಲ. ನಾನಿನ್ನೂ ಉತ್ತರ ಹೇಳಿಲ್ಲ.