ಆರುವ ತನಕ ತಾಳಬೇಕು

ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಹೋದವರಿಗೆ ಶ್ರೀಪೆರಂಬದೂರು ಗೊತ್ತಿರುತ್ತದೆ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಇರುಂಗಾಟ್ಟುಕೋಟ್ಟೈ. ಕಾರ್ಖಾನೆಗಳ ನಡುವಿನ ಈ ಊರಿನಲ್ಲಿ 3.7 ಕಿ.ಮೀ. ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕ್ ಇದೆ. ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವ ಈ ಟ್ರ್ಯಾಕ್‌ನಲ್ಲಿ ಕೆಲವು ವಾರಾಂತ್ಯ ಹವ್ಯಾಸಿಗಳೂ ಸ್ಪರ್ಧಿಸುತ್ತಾರೆ. ಸೋಮವಾರ ಆಫೀಸಿಗೆ ಹೋಗುವ ಕಾರನ್ನೇ ಶನಿವಾರ ಇಲ್ಲಿಗೆ ತರುತ್ತಾರೆ.

ನನ್ನ ದೊಡ್ಡಪ್ಪನ ಮಗ ಅಂಥವರಲ್ಲಿ ಒಬ್ಬ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾರು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. 110 ಅಶ್ವಶಕ್ತಿ. ಸಾಲದ ಕಂತು ಇನ್ನೂ ಮುಗಿದಿಲ್ಲ. ಮೆಕ್ಯಾನಿಕಲ್ ಓದುತ್ತಿರುವ ನನ್ನನ್ನು ಅಣ್ಣ ಸಹಾಯಕ್ಕೆ ಕರೆದುಕೊಂಡು ಹೋಗಿದ್ದ. ಚಕ್ರದ ಗಾಳಿ ನೋಡುವುದು, ನೀರು ಕೊಡುವುದು, ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಎರಡು ದಿನದ ಆ ಅಂಕಿಗಳೇ ನನಗೆ ಥರ್ಮೊಡೈನಮಿಕ್ಸ್‌ನ ಒಂದು ಅಧ್ಯಾಯವನ್ನು ಓದಿಸಿದವು.

ಅಣ್ಣ ಭಾಗವಹಿಸಿದ್ದು ಟೈಮ್ ಅಟ್ಯಾಕ್ ಎಂಬ ಸ್ಪರ್ಧೆಯಲ್ಲಿ. ಇಲ್ಲಿ ಕಾರುಗಳು ಒಂದಕ್ಕೊಂದು ಉಜ್ಜಾಡಿಕೊಂಡು ಓಡುವುದಿಲ್ಲ. ಅಂತರ ಬಿಟ್ಟು ಒಂದೊಂದಾಗಿ ಟ್ರ್ಯಾಕ್‌ಗೆ ಇಳಿಯುತ್ತವೆ. ಪ್ರತಿಯೊಬ್ಬರ ಅತಿ ವೇಗದ ಒಂದು ಸುತ್ತು ಮಾತ್ರ ಲೆಕ್ಕಕ್ಕೆ. ಕೇಳಲು ಸುಲಭ. ಆದರೆ ಟರ್ಬೊ ಕಾರಿಗೆ ಅದು ಅಷ್ಟು ಸುಲಭವಲ್ಲ.

ಹಳದಿ ಟೀಪಾಟ್

ಟರ್ಬೊ ಎಂದರೆ ಎರಡು ಚಿಕ್ಕ ಫ್ಯಾನುಗಳು, ನಡುವೆ ಒಂದೇ ದಂಡ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಫ್ಯಾನನ್ನು ತಿರುಗಿಸುತ್ತದೆ. ಇನ್ನೊಂದು ಫ್ಯಾನು ಹೊರಗಿನ ಗಾಳಿಯನ್ನು ಅದುಮಿ ಎಂಜಿನ್‌ಗೆ ತಳ್ಳುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಆ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಟರ್ಬೊ ಇಲ್ಲದ ಇದೇ ಗಾತ್ರದ ಎಂಜಿನ್‌ಗಳು 70 ಅಶ್ವಶಕ್ತಿಯ ಆಸುಪಾಸಿನಲ್ಲಿರುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಬಿಸಿ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆ ಅದುಮಿದ ಗಾಳಿಯೂ ಕಾಯುತ್ತದೆ. 1977ರ ಬ್ರಿಟಿಷ್ ಗ್ರ್ಯಾನ್‌ಪ್ರಿಯಲ್ಲಿ ರೆನೊ ಕಂಪನಿ ಮೊದಲ ಬಾರಿಗೆ ಫಾರ್ಮುಲಾ ಒನ್‌ಗೆ ಟರ್ಬೊ ಕಾರು ತಂದಾಗ ಅದು ಮತ್ತೆ ಮತ್ತೆ ಕೆಟ್ಟು ಹೊಗೆಯಾಡುತ್ತಾ ನಿಲ್ಲುತ್ತಿತ್ತು. ಎದುರಾಳಿಗಳು ಅದಕ್ಕೆ 'ಹಳದಿ ಟೀಪಾಟ್' ಎಂದು ಹೆಸರಿಟ್ಟು ನಕ್ಕರು. ರೆನೊ ಎಂಜಿನಿಯರ್‌ಗಳು ಎರಡು ವರ್ಷ ಆ ಬಿಸಿಯ ಜೊತೆ ಗುದ್ದಾಡಿದರು. 1979ರಲ್ಲಿ ಫ್ರಾನ್ಸ್‌ನ ಡಿಜಾನ್‌ನಲ್ಲಿ ಝಾನ್ ಪಿಯರ್ ಜಬೂಯಿ ಅದೇ ಕಂಪನಿಯ ಟರ್ಬೊ ಕಾರಿನಲ್ಲಿ ಗೆದ್ದರು. ನಕ್ಕವರೂ ಆಮೇಲೆ ಟರ್ಬೊಗೇ ಬಂದರು.

ಶನಿವಾರದ ಅಂಕಿಗಳು

ಶನಿವಾರ ಬೆಳಿಗ್ಗೆ ಮೊದಲು ವಾಹನ ತಪಾಸಣೆ. ಹೆಲ್ಮೆಟ್, ಸೀಟ್ ಬೆಲ್ಟ್, ಬ್ಯಾಟರಿಯ ಬಿಗಿ, ಕೆಟ್ಟು ನಿಂತರೆ ಎಳೆಯಲು ಕೊಕ್ಕೆ, ಎಲ್ಲವನ್ನೂ ನೋಡಿದರು. ಕಾರಿನೊಳಗಿದ್ದ ನೀರಿನ ಬಾಟಲಿ, ಸ್ಟೆಪ್ನಿ, ಜಾಕ್, ಕಾಲಡಿಯ ಮ್ಯಾಟು ಹೊರಗೆ ಬಂದವು. ಉರುಳಿ ಬಂದ ಒಂದು ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಸಾಕು, ಕಥೆ ಮುಗಿಯಿತು. ನಂತರ ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ. ಕೆಂಪು ಕಂಡರೆ ಸ್ಪರ್ಧೆ ನಿಂತಿದೆ, ಪಿಟ್‌ಗೆ ಮರಳಿ.

ಚಕ್ರದ ಗಾಳಿಯೇ ಒಂದು ಲೆಕ್ಕ. ತಣ್ಣಗಿದ್ದಾಗ 26 ಪಿಎಸ್‌ಐ ಹಾಕಿದೆವು. ಇಷ್ಟು ಕಡಿಮೆ ಯಾಕೆ ಎಂದು ಪಕ್ಕದಲ್ಲಿದ್ದವರೊಬ್ಬರು ಕೇಳಿದರು. ಟೈರು 80 ಡಿಗ್ರಿಗೆ ಕಾದರೆ ಒಳಗಿನ ಗಾಳಿ ತಾನಾಗಿಯೇ 33ರ ಹತ್ತಿರ ಬರುತ್ತದೆ. ಪಿಯುಸಿಯಲ್ಲಿ ಕಲಿತ ಅನಿಲ ನಿಯಮ ಅಷ್ಟನ್ನು ಹೇಳುತ್ತದೆ. ಮೊದಲೇ 33 ಹಾಕಿದ್ದರೆ ಬಿಸಿಯಲ್ಲಿ ಅದು 40 ದಾಟುತ್ತಿತ್ತು, ಟೈರು ಉಬ್ಬಿ ಹಿಡಿತ ಕಡಿಮೆಯಾಗುತ್ತಿತ್ತು.

ಮಧ್ಯಾಹ್ನದ ಅಭ್ಯಾಸದಲ್ಲಿ ಅಣ್ಣ ನಾಲ್ಕು ಸುತ್ತುಗಳನ್ನು ಬಿಡುವಿಲ್ಲದೆ ಪೂರ್ತಿ ವೇಗದಲ್ಲಿ ಓಡಿಸಿದ. ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿದ ಚಿಕ್ಕ ಸಾಧನವೊಂದು ಎಂಜಿನ್‌ಗೆ ಹೋಗುವ ಗಾಳಿಯ ತಾಪವನ್ನು ಮೊಬೈಲಿನಲ್ಲಿ ದಾಖಲಿಸುತ್ತಿತ್ತು. ಮೊದಲ ಸುತ್ತು 2 ನಿಮಿಷ 19.8 ಸೆಕೆಂಡು, ತಾಪ 46 ಡಿಗ್ರಿ. ಎರಡನೆಯದು 2:20.3, 55 ಡಿಗ್ರಿ. ಮೂರನೆಯದು 2:21.4, 63 ಡಿಗ್ರಿ. ನಾಲ್ಕನೆಯದು 2:22.7, 68 ಡಿಗ್ರಿ.

"ನಾನು ಒಂಚೂರೂ ಕಾಲು ತೆಗೀಲಿಲ್ಲ ಪುಟ್ಟಿ, ಆದ್ರೂ ಟೈಮ್ ಹೋಗ್ತಾನೇ ಇದೆ" ಎಂದ ಅಣ್ಣ.

ಕಾರಣ ಆ ಅಂಕಿಗಳಲ್ಲೇ ಇತ್ತು. 46ರಿಂದ 68 ಡಿಗ್ರಿಗೆ ಏರಿದರೆ ಅದೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 6ರಿಂದ 7ರಷ್ಟು ಇಳಿಯುತ್ತದೆ. ಅಂದರೆ ಎಂಜಿನ್‌ಗೆ ಅಷ್ಟು ಆಮ್ಲಜನಕ ಕಡಿಮೆ. ಜೊತೆಗೆ ಬಿಸಿ ಗಾಳಿಯಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಸ್ಫೋಟಿಸಿ ಎಂಜಿನ್ ಬಡಿದುಕೊಳ್ಳುವ ಅಪಾಯವಿದೆ. ಅದನ್ನು ತಪ್ಪಿಸಲು ಕಾರಿನ ಕಂಪ್ಯೂಟರ್ ಕಿಡಿ ಹೊತ್ತಿಸುವುದನ್ನು ತುಸು ತಡ ಮಾಡುತ್ತದೆ. ಶಕ್ತಿ ಇನ್ನಷ್ಟು ಇಳಿಯುತ್ತದೆ. ಗಾಳಿಯನ್ನು ತಣಿಸಲು ಮುಂದಿನ ಬಂಪರ್ ಬಳಿ ಇಂಟರ್‌ಕೂಲರ್ ಇರುತ್ತದೆ ನಿಜ. ಆದರೆ ಬೀದಿಯ ಕಾರಿನ ಇಂಟರ್‌ಕೂಲರ್ ಟ್ರ್ಯಾಕ್‌ನ ಬಿಸಿಗೆಂದು ಮಾಡಿದ್ದಲ್ಲ. ಅದೇ ಕಾದು ಹೋದರೆ ತಣಿಸುವುದು ಯಾವುದನ್ನು?

ಬೇಯುವ ತನಕ ತಾಳಿದವರಿಗೆ ಆರುವ ತನಕ ತಾಳಲಾಗದೇ ಎಂಬ ಗಾದೆಯನ್ನು ನಮ್ಮಜ್ಜಿ ಅಡುಗೆಮನೆಯಲ್ಲಿ ಹೇಳುತ್ತಿದ್ದರು. ಆ ರಾತ್ರಿ ಲಾಡ್ಜಿನಲ್ಲಿ ಕೂತು ನಾವು ಮಾಡಿದ ಯೋಜನೆ ಹೆಚ್ಚುಕಡಿಮೆ ಅದೇ ಗಾದೆ: ಒಂದು ಸುತ್ತು ಪೂರ್ತಿ ವೇಗ, ಮುಂದಿನ ಸುತ್ತು ನಿಧಾನವಾಗಿ ತಣಿಸುವುದು, ಮತ್ತೆ ಒಂದು ವೇಗದ ಸುತ್ತು.

ಭಾನುವಾರದ ಅರ್ಧ ಸುತ್ತು

ಯೋಜನೆ ಫಲಿಸಿತು. ಭಾನುವಾರ ಬೆಳಿಗ್ಗೆಯ ಮೊದಲ ಸರದಿಯಲ್ಲೇ 2:18.9. ತನ್ನ ವರ್ಗದಲ್ಲಿ ಅಣ್ಣ ನಾಲ್ಕನೇ ಸ್ಥಾನಕ್ಕೆ ಬಂದ. ಮೂರನೇ ಸ್ಥಾನದವರ ಸಮಯ 2:18.5. ಪದಕಕ್ಕೆ 0.4 ಸೆಕೆಂಡು ದೂರ, ಕೈಯಲ್ಲಿ ಇನ್ನೊಂದು ಸರದಿ.

ಆ ಸರದಿಯ ಎರಡನೇ ವೇಗದ ಸುತ್ತಿನಲ್ಲಿ ಅಣ್ಣ ಅರ್ಧ ಟ್ರ್ಯಾಕ್ ದಾಟುವಾಗಲೇ ತನ್ನ ಹಳೆಯ ಸಮಯಕ್ಕಿಂತ 0.6 ಸೆಕೆಂಡು ಮುಂದಿದ್ದ. ಅದು ನಮಗೆ ಗೊತ್ತಾಗಿದ್ದು ಆಮೇಲೆ, ಮೊಬೈಲ್ ನೋಡಿದಾಗ. ಪಿಟ್‌ನಲ್ಲಿ ನಿಂತಿದ್ದ ನನಗೆ ಕಂಡಿದ್ದು ಕಾರು ಇದ್ದಕ್ಕಿದ್ದಂತೆ ನಿಧಾನವಾಗಿ, ಕಿಟಕಿಯಿಂದ ಕೈ ಮೇಲೆತ್ತಿಕೊಂಡು ಒಳಗೆ ಬಂದದ್ದು.

"ಅಣ್ಣ, ಇನ್ನರ್ಧ ಸುತ್ತು ಇತ್ತಲ್ಲ?"

"ಬ್ರೇಕ್ ಪೆಡಲ್ ಮೆತ್ತಗಾಯ್ತು. ಇನ್ನೊಂದು ಸಲ ಒತ್ತಿದ್ರೆ ಹಿಡೀತಿತ್ತೇನೋ. ಹಿಡೀದೇ ಇದ್ದಿದ್ರೆ? ಬುಧವಾರ ಅಪ್ಪನ ಕಣ್ಣಿನ ಆಪರೇಷನ್. ಇದೇ ಕಾರಲ್ಲಿ ಕರ್ಕೊಂಡು ಹೋಗ್ಬೇಕು."

1,100 ಕೆ.ಜಿ.ಯ ಕಾರನ್ನು ಗಂಟೆಗೆ 150 ಕಿ.ಮೀ. ವೇಗದಿಂದ 70ಕ್ಕೆ ಇಳಿಸಲು ತೆಗೆಯಬೇಕಾದ ಶಕ್ತಿ ಸುಮಾರು ಏಳೂವರೆ ಲಕ್ಷ ಜೂಲ್. ಅಷ್ಟರಲ್ಲಿ ಎರಡೂವರೆ ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಬಹುದು. ಒಂದೇ ಒಂದು ಬ್ರೇಕ್‌ನಲ್ಲಿ! ಆ ಬಿಸಿಯ ಬಹುಪಾಲು ಡಿಸ್ಕ್‌ಗಳಿಗೆ ಹೋಗುತ್ತದೆ, ಅಲ್ಲಿಂದ ಬ್ರೇಕ್ ಎಣ್ಣೆಗೂ ಹರಿಯುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತಾ ಹೋದಂತೆ ಕುದಿಯುವ ಮಟ್ಟ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚಾಗಿ ಪೆಡಲ್ ಒಳಗೆ ಹೋಗುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ನಮ್ಮ ಸಾಮಾನ್ಯ ವಾಹನ ವಿಮೆ ರೇಸಿಂಗ್‌ನಲ್ಲಿ ಆದ ಹಾನಿಗೆ ಅನ್ವಯಿಸುವುದಿಲ್ಲ. ಗೋಡೆಗೆ ಗುದ್ದಿದ್ದರೆ ಕಾರು ಹೋಗುತ್ತಿತ್ತು, ಕಂತು ಮಾತ್ರ ಉಳಿಯುತ್ತಿತ್ತು. ದೇಹಕ್ಕೆ ಏನಾಗುತ್ತಿತ್ತೋ ಹೇಳಲಾಗದು.

ಒಳಗೆ ಬಂದ ಕೂಡಲೇ ಎಂಜಿನ್ ಆರಿಸಲಿಲ್ಲ. ಹಾಗೆ ಆರಿಸಿದರೆ ಟರ್ಬೊದಲ್ಲಿ ಎಣ್ಣೆಯ ಹರಿವು ನಿಂತು, ಉಳಿದ ಎಣ್ಣೆ ಆ ಬಿಸಿಗೆ ಸೀದು ಕರಿಗಟ್ಟುತ್ತದೆ. ಹ್ಯಾಂಡ್ ಬ್ರೇಕ್ ಕೂಡ ಹಾಕಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟೆವು. ಎಲ್ಲ ತಣ್ಣಗಾದ ಮೇಲೆ ನಾನು ಪೆಡಲ್ ಒತ್ತಿ ಹಿಡಿದೆ, ಅಣ್ಣ ಒಂದೊಂದೇ ಚಕ್ರದ ಬಳಿ ಕೂತು ಗುಳ್ಳೆ ನಿಲ್ಲುವ ತನಕ ಹಳೆ ಎಣ್ಣೆ ಹೊರಬಿಟ್ಟು ಹೊಸದು ತುಂಬಿದ. ಪೆಡಲ್ ಮತ್ತೆ ಗಟ್ಟಿಯಾಯಿತು. ಬಹುಮಾನ ವಿತರಣೆಯಲ್ಲಿ ಮೂರನೇ ಸ್ಥಾನದವರಿಗೆ ಅಣ್ಣ ಜೋರಾಗಿ ಚಪ್ಪಾಳೆ ತಟ್ಟಿದ. ವೆಲ್ಲೂರು, ಕೃಷ್ಣಗಿರಿ ದಾಟಿ ಬೆಂಗಳೂರು ಸೇರುವವರೆಗೂ ಗಂಟೆಗೆ 80 ಕಿ.ಮೀ. ದಾಟಲಿಲ್ಲ. ಬುಧವಾರ ದೊಡ್ಡಪ್ಪನ ಆಪರೇಷನ್ ಚೆನ್ನಾಗಿ ಆಯಿತು.

ನಸುಕಿನಲ್ಲಿ ನಂದಿ ಬೆಟ್ಟದ ರಸ್ತೆಯಲ್ಲಿ ವೇಗ ತೋರಿಸುವ ನಮ್ಮ ವಯಸ್ಸಿನವರನ್ನು ನೋಡಿದ್ದೇನೆ. ಅಲ್ಲಿ ಬಾವುಟ ಹಿಡಿದವರಿಲ್ಲ, ಆಂಬುಲೆನ್ಸ್ ಕಾದು ನಿಂತಿರುವುದಿಲ್ಲ, ಎದುರಿನಿಂದ ಹಾಲಿನ ಗಾಡಿ ಬರುತ್ತದೆ. ವೇಗದ ಆಸೆ ಇದ್ದರೆ ಅದಕ್ಕೆ ಜಾಗವಿದೆ. ಕಾರು ಇಲ್ಲದಿದ್ದರೂ ದಾರಿ ಇದೆ. ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳಿಗಾಗಿ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆದಿದೆ. ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಇಂಥ ಕಾರುಗಳನ್ನು ವರ್ಷಗಳಿಂದ ಕಟ್ಟುತ್ತಿವೆ. ಅಲ್ಲಿ ಓಡಿಸುವವರು ಕೆಲವರೇ. ಬ್ರೇಕ್, ತಂಪು ವ್ಯವಸ್ಥೆ, ಅಂಕಿ-ಅಂಶ ನೋಡಿಕೊಳ್ಳುವವರು ಅನೇಕರು. ನನ್ನ ಕಣ್ಣು ಈಗ ಆ ಕೆಲಸದ ಮೇಲಿದೆ.

ಅಣ್ಣ ಮುಂದಿನ ಸ್ಪರ್ಧೆಗೆ ತಯಾರಾಗುತ್ತಿದ್ದಾನೆ. ಎಂಜಿನ್ ಶಕ್ತಿ ಹೆಚ್ಚಿಸಿಕೊಳ್ಳಲು ಅನೇಕರು ಸಲಹೆ ಕೊಟ್ಟರು. ಅವನು ಮೊದಲು ಕೊಂಡದ್ದು ಹೆಚ್ಚು ಬಿಸಿ ತಡೆಯುವ ಬ್ರೇಕ್ ಪ್ಯಾಡು. ಆಮೇಲಿನ ಪಟ್ಟಿಯಲ್ಲಿರುವುದು ದೊಡ್ಡ ಇಂಟರ್‌ಕೂಲರ್. ಶಕ್ತಿ ಹೆಚ್ಚಿಸುವ ಮಾತು ಪಟ್ಟಿಯ ಕೊನೆಯಲ್ಲಿದೆ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇದೆ.