ಗಾಜಿನ ಕಿಟಕಿಯ ಹಿಂದಿನ ಇರುಳುಗಳು: ಕ್ಯಾಸ್ಟ್ರೋ ಬಡಾವಣೆಯ ನೆನಪು

ಒಂದು ಪಾನಗೃಹಕ್ಕೆ ಕಿಟಕಿ ಇರುವುದರಲ್ಲಿ ವಿಶೇಷವೇನು ಎಂದು ಓದುಗರು ಕೇಳಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮಾರ್ಕೆಟ್ ಮತ್ತು ಕ್ಯಾಸ್ಟ್ರೋ ಬೀದಿಗಳು ಕೂಡುವ ಮೂಲೆಯಲ್ಲಿ ‘ಟ್ವಿನ್ ಪೀಕ್ಸ್’ ಎಂಬ ಬಾರ್ ಇದೆ. ಅದು ಆರಂಭವಾದದ್ದು 1935ರಲ್ಲಿ. 1972ರಲ್ಲಿ ಇಬ್ಬರು ಗೆಳತಿಯರು ಅದನ್ನು ಕೊಂಡು, ಬೀದಿಗೆ ಮುಖಮಾಡಿದ ಗೋಡೆಯುದ್ದಕ್ಕೂ ದೊಡ್ಡ ಪಾರದರ್ಶಕ ಗಾಜುಗಳನ್ನು ತೆರೆದಿಟ್ಟರು. ಸಲಿಂಗಪ್ರೇಮಿಗಳು ಕೂಡುವ ಬಾರೊಂದು ತನ್ನ ಒಳಗನ್ನು ಹೀಗೆ ದಾರಿಹೋಕರ ಕಣ್ಣಿಗೆ ತೆರೆದದ್ದು ಅಮೆರಿಕದಲ್ಲಿ ಅದೇ ಮೊದಲು ಎಂದು ಇತಿಹಾಸಾಸಕ್ತರು ಹೇಳುತ್ತಾರೆ. 2013ರಲ್ಲಿ ನಗರಾಡಳಿತವು ಆ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಅದಕ್ಕೆ ಆ ಗೌರವ ದೊರೆತುದರಲ್ಲಿ ಕಿಟಕಿಗಳ ಪಾಲು ದೊಡ್ಡದು.

ಬಾರುಗಳ ನೆನಪು ಎಂದೊಡನೆ ಅದು ಮೋಜಿನ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆ, ಕಚೇರಿ, ಚರ್ಚು, ಶಾಲೆ ಯಾವುದರಲ್ಲಿಯೂ ತಮ್ಮ ನಿಜವನ್ನು ಹೇಳಿಕೊಳ್ಳಲಾಗದಿದ್ದ ಜನರಿಗೆ ಇರುಳಿನ ಆ ಕೆಲವು ಗಂಟೆಗಳೇ ಸಾರ್ವಜನಿಕ ಜೀವನವಾಗಿದ್ದವು. ಗೆಳೆತನ, ಸಂಘಟನೆ, ಚಂದಾ ಸಂಗ್ರಹ, ಚುನಾವಣಾ ಪ್ರಚಾರ, ಕೊನೆಗೆ ಶೋಕಾಚರಣೆ ಕೂಡ ನಡೆದದ್ದು ಅಲ್ಲಿಯೇ. ಆದ್ದರಿಂದ ಕ್ಯಾಸ್ಟ್ರೋದ ಇರುಳುಗಳ ಕಥೆಯನ್ನು ಒಂದು ಸಮುದಾಯವು ನಾಗರಿಕರೆನಿಸಿಕೊಂಡ ಕಥೆಯೆಂದೇ ಓದಬೇಕಾಗುತ್ತದೆ.

ಕತ್ತಲೆಯೇ ಆಶ್ರಯವಾಗಿದ್ದ ಕಾಲ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪೆಸಿಫಿಕ್ ರಣರಂಗಕ್ಕೆ ಸೈನಿಕರನ್ನು ಕಳುಹಿಸುವ ಪ್ರಮುಖ ಬಂದರಾಗಿತ್ತು. ಸಲಿಂಗಪ್ರೇಮದ ಆರೋಪದ ಮೇಲೆ ಸೇನೆಯಿಂದ ಹೊರದೂಡಲ್ಪಟ್ಟವರಲ್ಲಿ ಅನೇಕರು ಹುಟ್ಟೂರಿಗೆ ಮರಳಲು ಮುಖವಿಲ್ಲದೆ ಅಲ್ಲಿಯೇ ನೆಲೆನಿಂತರು. ಅವರಿಗೆ ಸೇರಲು ಜಾಗವಿದ್ದದ್ದು ಕೆಲವೇ ಬಾರುಗಳಲ್ಲಿ. ಅವು ಬಹುಮಟ್ಟಿಗೆ ಕಿಟಕಿಗಳನ್ನು ಮುಚ್ಚಿ ಬಣ್ಣ ಬಳಿದ ಕೋಣೆಗಳು. ಮಫ್ತಿಯ ಪೊಲೀಸರು ಗಿರಾಕಿಗಳಂತೆ ಬಂದು ಕುಳಿತು ಬಲೆ ಬೀಸುತ್ತಿದ್ದರು. ಬಂಧಿತರ ಹೆಸರು ಪತ್ರಿಕೆಯಲ್ಲಿ ಅಚ್ಚಾದರೆ ನೌಕರಿಯೂ ಹೋಗುತ್ತಿತ್ತು, ಬಾಡಿಗೆ ಮನೆಯೂ ಹೋಗುತ್ತಿತ್ತು.

ನಾರ್ತ್ ಬೀಚ್ ಭಾಗದಲ್ಲಿದ್ದ ‘ಬ್ಲ್ಯಾಕ್ ಕ್ಯಾಟ್’ ಬಾರ್ ಈ ಕಾಲದ ದೊಡ್ಡ ಹೆಸರು. ಅದರ ಪರವಾನಗಿಯನ್ನು ಅಮಾನತುಗೊಳಿಸಿದಾಗ ಮಾಲೀಕ ಸಾಲ್ ಸ್ಟೌಮನ್ ನ್ಯಾಯಾಲಯದ ಮೆಟ್ಟಿಲೇರಿದರು. ಸಲಿಂಗಪ್ರೇಮಿಗಳು ಒಂದೆಡೆ ಸೇರುತ್ತಾರೆಂಬ ಮಾತ್ರಕ್ಕೆ ಪರವಾನಗಿ ಕಸಿಯುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1951ರಲ್ಲಿ ತೀರ್ಪಿತ್ತಿತು. ಶಾಸನಸಭೆ ಸುಮ್ಮನಿರಲಿಲ್ಲ. ಅಂತಹ ಬಾರುಗಳನ್ನು ಮುಚ್ಚಿಸಲು 1955ರಲ್ಲಿ ಹೊಸ ಕಾನೂನು ತಂದಿತು. 1959ರಲ್ಲಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಮರುವರ್ಷವೇ ಬಾರ್ ಮಾಲೀಕರಿಂದ ಪೊಲೀಸರು ಮಾಮೂಲಿ ವಸೂಲು ಮಾಡುತ್ತಿದ್ದ ಹಗರಣ ಬಯಲಿಗೆ ಬಂದಿತು.

ಬ್ಲ್ಯಾಕ್ ಕ್ಯಾಟ್‌ನಲ್ಲಿ ಪರಿಚಾರಕರಾಗಿದ್ದ ಹೋಸೆ ಸರಿಯಾ ಸ್ತ್ರೀವೇಷ ಧರಿಸಿ, ಪ್ರಸಿದ್ಧ ಸಂಗೀತ ನಾಟಕಗಳನ್ನು ಅಣಕವಾಗಿ ಹಾಡಿ ಜನರನ್ನು ನಗಿಸುತ್ತಿದ್ದರು. ಮೋಸಗೊಳಿಸುವ ಉದ್ದೇಶದಿಂದ ಅನ್ಯಲಿಂಗದ ಉಡುಪು ಧರಿಸುವುದು ಆಗ ಅಪರಾಧವಾಗಿತ್ತು. ಅದಕ್ಕೆ ಸರಿಯಾ ಸರಳ ಉಪಾಯವೊಂದನ್ನು ಹೂಡಿದರು. ‘ನಾನು ಹುಡುಗ’ ಎಂದು ಬರೆದ ಕಾಗದದ ಬಿಲ್ಲೆಗಳನ್ನು ವೇಷಧಾರಿಗಳಿಗೆ ಹಂಚಿದರು. ಸತ್ಯವನ್ನು ಎದೆಯ ಮೇಲೆ ಅಂಟಿಸಿಕೊಂಡವನ ಮೇಲೆ ಮೋಸದ ಆರೋಪ ಹೊರಿಸುವುದು ಹೇಗೆ? 1961ರಲ್ಲಿ ಅವರು ನಗರದ ಮೇಲ್ವಿಚಾರಕರ ಮಂಡಳಿಗೆ, ಎಂದರೆ ನಮ್ಮ ನಗರಸಭೆಯನ್ನು ಹೋಲುವ ಸಂಸ್ಥೆಗೆ, ಸ್ಪರ್ಧಿಸಿ ಸೋತರು. ಆದರೆ 5 ಸಾವಿರಕ್ಕೂ ಹೆಚ್ಚು ಮತಗಳು ಅವರಿಗೆ ಬಿದ್ದವು. ಈ ಜನರಿಗೂ ಮತಬಲವಿದೆ ಎಂಬುದು ರಾಜಕಾರಣಿಗಳಿಗೆ ಅರಿವಾದದ್ದು ಆಗಲೇ. 1962ರಲ್ಲಿ ಬಾರ್ ಮಾಲೀಕರೂ ಪರಿಚಾರಕರೂ ಸೇರಿ ‘ಟ್ಯಾವರ್ನ್ ಗಿಲ್ಡ್’ ಎಂಬ ಸಂಘ ಕಟ್ಟಿ, ಬಂಧಿತರಿಗೆ ಕಾನೂನು ನೆರವು ಒದಗಿಸತೊಡಗಿದರು. 1963ರಲ್ಲಿ ಬ್ಲ್ಯಾಕ್ ಕ್ಯಾಟ್ ಪರವಾನಗಿ ಕಳೆದುಕೊಂಡಿತಾದರೂ, ಅದು ಕಲಿಸಿದ ಪಾಠ ಉಳಿಯಿತು.

1965ರ ಹೊಸ ವರ್ಷದ ದಿನ ಕೆಲವು ಕ್ರೈಸ್ತ ಪಾದ್ರಿಗಳ ಬೆಂಬಲದಿಂದ ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ನೃತ್ಯಕೂಟವೊಂದು ಏರ್ಪಾಡಾಯಿತು. ಪೊಲೀಸರು ಬಾಗಿಲಲ್ಲಿ ಪ್ರಖರ ದೀಪಗಳನ್ನಿರಿಸಿ ಬಂದವರೆಲ್ಲರ ಭಾವಚಿತ್ರ ತೆಗೆದರು, ತಡೆಯಲು ಬಂದ ವಕೀಲರನ್ನು ಬಂಧಿಸಿದರು. ಮರುದಿನ ಪಾದ್ರಿಗಳು ಪತ್ರಿಕಾಗೋಷ್ಠಿ ಕರೆದು ಪೊಲೀಸರನ್ನು ಖಂಡಿಸಿದಾಗ ನಗರದ ಜನಾಭಿಪ್ರಾಯ ಮೊದಲ ಬಾರಿಗೆ ವಾಲಿತು.

ಬಡಾವಣೆ ಬದಲಾದ ಬಗೆ

ಇಷ್ಟೆಲ್ಲ ನಡೆಯುವಾಗ ಕ್ಯಾಸ್ಟ್ರೋ ಬೀದಿಗೆ ಈ ಕಥೆಯಲ್ಲಿ ಪಾತ್ರವಿರಲಿಲ್ಲ. ಅದು ಯುರೇಕಾ ವ್ಯಾಲಿ ಎಂಬ ಹೆಸರಿನ, ಐರಿಷ್ ಮತ್ತು ಸ್ಕ್ಯಾಂಡಿನೇವಿಯನ್ ಮೂಲದ ದುಡಿಯುವ ಕುಟುಂಬಗಳ ಬಡಾವಣೆ. ಬಂದರು ಮತ್ತು ಕಾರ್ಖಾನೆಗಳ ಕೆಲಸ ಕುಗ್ಗಿ, ಕುಟುಂಬಗಳು ಹೊರವಲಯದ ಹೊಸ ಬಡಾವಣೆಗಳಿಗೆ ತೆರಳಿದಂತೆ ವಿಕ್ಟೋರಿಯಾ ಕಾಲದ ಮರದ ಮನೆಗಳು ಅಗ್ಗವಾದವು. 1963ರಲ್ಲಿ ‘ಮಿಸ್ಸೂರಿ ಮ್ಯೂಲ್’ ಎಂಬ ಬಾರ್ ಇಲ್ಲಿ ಸಲಿಂಗಪ್ರೇಮಿಗಳ ಮೊದಲ ತಾಣವಾಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ದೇಶದ ಮೂಲೆಮೂಲೆಗಳಿಂದ ತರುಣರು ಬಂದಿಳಿದು, ಹಳೆಯ ಮನೆಗಳನ್ನು ಬಾಡಿಗೆಗೆ ಹಿಡಿದು ದುರಸ್ತಿಗೊಳಿಸಿದರು. ಟೋಡ್ ಹಾಲ್, ಮಿಡ್‌ನೈಟ್ ಸನ್, ಎಲಿಫೆಂಟ್ ವಾಕ್ ಮೊದಲಾದ ಬಾರುಗಳು ಒಂದರ ಹಿಂದೊಂದು ತೆರೆದವು. 1922ರಲ್ಲಿ ಕಟ್ಟಿದ ಕ್ಯಾಸ್ಟ್ರೋ ಚಿತ್ರಮಂದಿರದ ದೀಪಗಳ ಕೆಳಗೆ ಜೀನ್ಸ್, ಚೌಕಳಿ ಅಂಗಿ, ಪೊದೆಮೀಸೆಯ ಗಂಡಸರು ಕೈಕೈ ಹಿಡಿದು ನಡೆದರು. ಎಲ್ಲರ ವೇಷವೂ ಒಂದೇ ಬಗೆಯದಾಗಿ, ‘ಕ್ಯಾಸ್ಟ್ರೋ ಕ್ಲೋನ್’ ಎಂಬ ಗೇಲಿಯ ಹೆಸರೂ ಹುಟ್ಟಿಕೊಂಡಿತು.

ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸುವ ಮಸೂದೆಗೆ ಕ್ಯಾಲಿಫೋರ್ನಿಯಾ 1975ರಲ್ಲಿ ಒಪ್ಪಿಗೆ ನೀಡಿತು. ಅದನ್ನು ಸೆನೆಟ್‌ನಲ್ಲಿ ದಡ ಸೇರಿಸಲು ಶ್ರಮಿಸಿದವರು ಮುಂದೆ ನಗರದ ಮೇಯರ್ ಆದ ಜಾರ್ಜ್ ಮಾಸ್ಕೋನಿ. ಭಯ ಸಡಿಲವಾದಂತೆ ಸಂಗೀತದ ಸದ್ದು ಏರಿತು. ಬಾಲ್ಯದಲ್ಲಿ ಲಾಸ್ ಏಂಜಲೀಸ್‌ನ ಚರ್ಚಿನಲ್ಲಿ ಹಾಡಿ ಬೆಳೆದಿದ್ದ ಕಪ್ಪುವರ್ಣೀಯ ಗಾಯಕ ಸಿಲ್ವೆಸ್ಟರ್ ಈ ಇರುಳುಗಳ ಕಂಠವಾದರು. ಎಲಿಫೆಂಟ್ ವಾಕ್‌ನಲ್ಲಿ ಹಾಡುತ್ತಿದ್ದ ಅವರು 1978ರಲ್ಲಿ ಡಿಸ್ಕೋ ಗೀತೆಯೊಂದರಿಂದ ವಿಶ್ವಖ್ಯಾತರಾಗಿ, 1979ರ ಮಾರ್ಚ್‌ನಲ್ಲಿ ನಗರದ ಪ್ರತಿಷ್ಠಿತ ಆಪೆರಾ ಹೌಸ್‌ನಲ್ಲಿಯೇ ಕಾರ್ಯಕ್ರಮ ನೀಡಿದರು.

ಕುಣಿತದಿಂದ ಮತಪೆಟ್ಟಿಗೆಗೆ

ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಹಾರ್ವೆ ಮಿಲ್ಕ್ ಅವರಿಗೆ ಈ ಬಾರುಗಳ ಶಕ್ತಿ ತಿಳಿದಿತ್ತು. ಕೂರ್ಸ್ ಬಿಯರ್ ವಿರುದ್ಧ ಹೋರಾಡುತ್ತಿದ್ದ ಲಾರಿ ಚಾಲಕರ ಒಕ್ಕೂಟ ನೆರವು ಕೋರಿದಾಗ, ಮಿಲ್ಕ್ ಬಾರುಗಳಲ್ಲಿ ಆ ಬಿಯರ್ ಮಾರದಂತೆ ಮಾಡಿದರು. ಪ್ರತಿಯಾಗಿ ಸಲಿಂಗಪ್ರೇಮಿಗಳಿಗೂ ಚಾಲಕರ ಕೆಲಸ ಕೊಡಬೇಕೆಂದು ಕೇಳಿದರು. ಕಾರ್ಮಿಕರೂ ಈ ಸಮುದಾಯವೂ ಕೈಜೋಡಿಸಿದ್ದು ಹೀಗೆ, ಬಿಯರ್ ಲೋಟವೊಂದರ ನೆಪದಲ್ಲಿ. ಮೂರು ಬಾರಿ ಸೋತ ಮಿಲ್ಕ್ 1977ರಲ್ಲಿ ಮೇಲ್ವಿಚಾರಕರ ಮಂಡಳಿಗೆ ಆಯ್ಕೆಯಾದರು. 1978ರ ನವೆಂಬರ್ 27ರಂದು ಮಾಜಿ ಸಹೋದ್ಯೋಗಿ ಡ್ಯಾನ್ ವೈಟ್ ಅವರನ್ನೂ ಮೇಯರ್ ಮಾಸ್ಕೋನಿಯವರನ್ನೂ ಗುಂಡಿಟ್ಟು ಕೊಂದ. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಕ್ಯಾಸ್ಟ್ರೋದಿಂದ ನಗರಸಭಾ ಭವನದವರೆಗೆ ಮೌನವಾಗಿ ನಡೆದರು.

1979ರ ಮೇ 21ರಂದು ಹಂತಕನಿಗೆ ಕೊಲೆಯ ಬದಲು ಲಘು ಅಪರಾಧದ ತೀರ್ಪು ಬಂದಾಗ ಮೌನ ಒಡೆಯಿತು. ಉದ್ರಿಕ್ತ ಗುಂಪು ನಗರಸಭಾ ಭವನದ ಗಾಜುಗಳನ್ನು ಪುಡಿಗಟ್ಟಿ, ಪೊಲೀಸ್ ವಾಹನಗಳಿಗೆ ಬೆಂಕಿಯಿಟ್ಟಿತು. ಕೆಲ ಗಂಟೆಗಳ ಬಳಿಕ ಪೊಲೀಸರು ಎಲಿಫೆಂಟ್ ವಾಕ್‌ಗೆ ನುಗ್ಗಿ, ಗಲಭೆಯಲ್ಲಿ ಇಲ್ಲದವರನ್ನೂ ಲಾಠಿಯಿಂದ ಬಡಿದರು. ಮರುದಿನ ಮಿಲ್ಕ್ ಅವರ ಜನ್ಮದಿನ. ಸೇಡಿನ ನಿರೀಕ್ಷೆಯಲ್ಲಿದ್ದ ನಗರಕ್ಕೆ ಆಶ್ಚರ್ಯವಾಗುವಂತೆ ಸಾವಿರಾರು ಜನ ಅದೇ ಬೀದಿಯಲ್ಲಿ ಸೇರಿ ಶಾಂತಿಯಿಂದ ಹಾಡಿ ಕುಣಿದರು. 1996ರಿಂದ ಆ ಬಾರ್ ‘ಹಾರ್ವೀಸ್’ ಎಂಬ ಹೆಸರು ಹೊತ್ತಿತು.

ಎಲ್ಲರಿಗೂ ತೆರೆಯದ ಬಾಗಿಲು

ಹಳೆಯ ಇರುಳುಗಳನ್ನು ಸ್ವರ್ಗವೆಂದು ಬಣ್ಣಿಸುವವರು ಮರೆಯುವ ಸಂಗತಿಯೊಂದಿದೆ. ಕ್ಯಾಸ್ಟ್ರೋದ ಸ್ವಾತಂತ್ರ್ಯ ಮುಖ್ಯವಾಗಿ ಬಿಳಿಯ ಗಂಡಸರದಾಗಿತ್ತು. ಕಪ್ಪುವರ್ಣೀಯರು, ಏಷ್ಯನ್ನರು ಮತ್ತು ಮಹಿಳೆಯರು ಬಾಗಿಲಿಗೆ ಬಂದರೆ ಒಂದಲ್ಲ, ಎರಡು ಮೂರು ಗುರುತಿನ ಚೀಟಿ ಕೇಳಿ ಹಿಂದಿರುಗಿಸುತ್ತಿದ್ದ ಬಾರುಗಳಿದ್ದವು. ಇದರ ವಿರುದ್ಧ ಪ್ರತಿಭಟನೆಗಳೂ ನಡೆದವು. ಕಪ್ಪುವರ್ಣೀಯರ ನೆಚ್ಚಿನ ತಾಣವಾಗಿದ್ದ ‘ಪೆಂಡ್ಯುಲಮ್’ 2005ರಲ್ಲಿ ಮುಚ್ಚಿದಾಗ ಆ ನೋವು ಮತ್ತೆ ಮೇಲೆದ್ದಿತು.

ಮಹಿಳೆಯರ ಇರುಳುಗಳು ಬೇರೆಡೆ ಅರಳಿದವು. ರಿಕಿ ಸ್ಟ್ರೈಕರ್ ಎಂಬುವರು 1966ರಲ್ಲಿ ಕೋಲ್ ವ್ಯಾಲಿಯಲ್ಲಿ ‘ಮಾಡ್ಸ್’ ಎಂಬ ಬಾರ್ ತೆರೆದರು. ಆಗ ಮಹಿಳೆಯರು ಬಾರಿನಲ್ಲಿ ಮದ್ಯ ಬೆರೆಸಿ ಕೊಡುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಅಡ್ಡಿಯಿತ್ತು. 1971ರ ನ್ಯಾಯಾಲಯದ ತೀರ್ಪು ಬರುವವರೆಗೆ ಮಹಿಳೆಯರ ಈ ಬಾರಿನಲ್ಲಿಯೂ ಗಂಡಸರೇ ಲೋಟ ತುಂಬಬೇಕಾಗಿತ್ತು. 1989ರಲ್ಲಿ ಮಾಡ್ಸ್ ಬಾಗಿಲು ಹಾಕಿತು.

ಭಾರತೀಯರಿಗೂ ಈ ನಗರದೊಂದಿಗೆ ನಂಟಿದೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಅರವಿಂದ ಕುಮಾರ್ ಮತ್ತು ಸುವೀರ್ ದಾಸ್ ‘ತ್ರಿಕೋನ್’ ಎಂಬ ಸಂಘಟನೆಯನ್ನು ಆರಂಭಿಸಿದರು. ದಕ್ಷಿಣ ಏಷ್ಯಾ ಮೂಲದ ಲೈಂಗಿಕ ಅಲ್ಪಸಂಖ್ಯಾತರ ಮೊದಲ ಸಂಘಟನೆಗಳಲ್ಲಿ ಅದೂ ಒಂದು. ಬಾರಿನ ಗದ್ದಲದಲ್ಲಿ ತಮ್ಮ ಮನೆಮಾತು, ಮದುವೆಯ ಒತ್ತಾಯ, ತಾಯ್ತಂದೆಯರ ಚಿಂತೆ ಇವನ್ನೆಲ್ಲ ಅರಿತ ಮತ್ತೊಬ್ಬರನ್ನು ಹುಡುಕುತ್ತಿದ್ದವರಿಗೆ ಅದೊಂದು ಜಗಲಿಯಾಯಿತು.

ಬೀದಿ ಬರಿದಾದ ವರ್ಷಗಳು

1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರದ ವರದಿಯಲ್ಲಿ ಲಾಸ್ ಏಂಜಲೀಸ್‌ನ ಐವರು ತರುಣರ ವಿಚಿತ್ರ ನ್ಯುಮೋನಿಯಾ ದಾಖಲಾಯಿತು. ಮುಂದೆ ಏಡ್ಸ್ ಎಂದು ಹೆಸರಾದ ಪಿಡುಗು ಅದು. ಅದೇ ವರ್ಷದ ಕೊನೆಗೆ ಬಾಬಿ ಕ್ಯಾಂಪ್‌ಬೆಲ್ ಎಂಬ ದಾದಿ ವೃತ್ತಿಯ ಯುವಕ ತನ್ನ ಪಾದದ ಮೇಲಿನ ಕಲೆಗಳ ಚಿತ್ರಗಳನ್ನು ಕ್ಯಾಸ್ಟ್ರೋದ ಔಷಧದಂಗಡಿಯ ಕಿಟಕಿಗೆ ಅಂಟಿಸಿ, ಇಂತಹ ಗುರುತು ಕಂಡರೆ ವೈದ್ಯರನ್ನು ಕಾಣಿರೆಂದು ದಾರಿಹೋಕರನ್ನು ಎಚ್ಚರಿಸಿದ. 1984ರಲ್ಲಿ ಅವನೂ ತೀರಿಕೊಂಡ. 1983ರಲ್ಲಿ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳಿಗಾಗಿಯೇ ವಾರ್ಡ್ ತೆರೆಯಿತು. ಬಾರುಗಳಲ್ಲಿ ಔಷಧಕ್ಕಾಗಿ, ಊಟಕ್ಕಾಗಿ, ಅಂತ್ಯಕ್ರಿಯೆಗಾಗಿ ಹಣ ಕೂಡಿಸಲಾಯಿತು. ನಿನ್ನೆ ಪಕ್ಕದಲ್ಲಿ ಕುಣಿದವನು ಇಂದು ಕೋಲೂರಿ ಬರುತ್ತಿದ್ದ, ಮುಂದಿನ ತಿಂಗಳು ಬರುತ್ತಿರಲಿಲ್ಲ. ಸಿಲ್ವೆಸ್ಟರ್ 1988ರ ಡಿಸೆಂಬರ್‌ನಲ್ಲಿ ನಿಧನರಾದರು. ಇದೊಂದೇ ನಗರದಲ್ಲಿ ಏಡ್ಸ್‌ಗೆ ಬಲಿಯಾದವರ ಸಂಖ್ಯೆ ಸುಮಾರು 20 ಸಾವಿರ.

ಬಾರುಗಳಲ್ಲಿ ಉಚಿತವಾಗಿ ದೊರೆಯುತ್ತಿದ್ದ ‘ಬೇ ಏರಿಯಾ ರಿಪೋರ್ಟರ್’ ವಾರಪತ್ರಿಕೆಯ ಪುಟಗಳನ್ನು ಆ ವರ್ಷಗಳಲ್ಲಿ ನಿಧನವಾರ್ತೆಗಳೇ ತುಂಬಿದ್ದವು. 1996ರ ವೇಳೆಗೆ ಹೊಸ ಔಷಧಗಳ ಸಂಯೋಜನೆ ಸಾವುಗಳನ್ನು ತಗ್ಗಿಸಿತು. 1998ರ ಆಗಸ್ಟ್ 13ರ ಸಂಚಿಕೆಯ ಮುಖಪುಟದಲ್ಲಿ ಆ ವಾರ ಒಂದೂ ನಿಧನವಾರ್ತೆ ಬಂದಿಲ್ಲವೆಂಬುದೇ ದೊಡ್ಡ ಅಕ್ಷರಗಳ ಸುದ್ದಿಯಾಯಿತು.

ನೆನಪನ್ನು ಕಾಯುವವರು

ಸಾಮಾನ್ಯವಾಗಿ ನೆನಪುಗಳು ತಂದೆಯಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತವೆ. ಈ ಸಮುದಾಯದಲ್ಲಿ ಅಂತಹ ಮನೆತನದ ಸರಪಳಿ ಇಲ್ಲ. ಹಿರಿಯ ಗೆಳೆಯ ಕಿರಿಯನಿಗೆ ಹೇಳಿದರಷ್ಟೇ ಕಥೆ ಮುಂದುವರಿಯುತ್ತದೆ. ಹೇಳಬೇಕಾದ ತಲೆಮಾರಿನ ದೊಡ್ಡ ಪಾಲು ಮಧ್ಯವಯಸ್ಸಿಗೆ ಮುನ್ನವೇ ಹೊರಟುಹೋದಾಗ ಉಳಿದವರ ಮೇಲೆ ಎರಡು ಪಟ್ಟು ಭಾರ ಬಿತ್ತು. ಮಿಲ್ಕ್ ಅವರ ಸಂಗಡಿಗ ಕ್ಲೀವ್ ಜೋನ್ಸ್ ಅವರ ಕಲ್ಪನೆಯಿಂದ ಮೂಡಿದ, ಮೃತರ ಹೆಸರುಗಳನ್ನು ಹೊಲಿದ ಕೌದಿ 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಪ್ರದರ್ಶಿತವಾದಾಗ ಅದರಲ್ಲಿ 1,920 ತುಂಡುಗಳಿದ್ದವು. ಅದರ ಹೊಲಿಗೆ ನಡೆದದ್ದು ಕ್ಯಾಸ್ಟ್ರೋಗೆ ಸಮೀಪದ ಮಾರ್ಕೆಟ್ ಬೀದಿಯ ಮಳಿಗೆಯೊಂದರಲ್ಲಿ. 1985ರಲ್ಲಿ ಸ್ಥಾಪನೆಯಾದ ಜಿಎಲ್‌ಬಿಟಿ ಹಿಸ್ಟಾರಿಕಲ್ ಸೊಸೈಟಿ ಪತ್ರಗಳು, ಕರಪತ್ರಗಳು, ಭಾವಚಿತ್ರಗಳನ್ನು ಸಂಗ್ರಹಿಸುತ್ತ ಬಂದು, 2011ರಲ್ಲಿ ಕ್ಯಾಸ್ಟ್ರೋದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಬೀದಿಯ ಇರುಳೂ ಬದಲಾಗಿದೆ. ನಲವತ್ತರ ದಶಕದಲ್ಲಿ ಅಂಗಡಿಯೊಂದು ಮಕ್ಕಳಿಗಾಗಿ ಆರಂಭಿಸಿದ ವೇಷಭೂಷಣ ಸ್ಪರ್ಧೆಯಿಂದ ಬೆಳೆದ ಹ್ಯಾಲೋವೀನ್ ಉತ್ಸವವು ಲಕ್ಷಾಂತರ ಜನರ ಜಾತ್ರೆಯಾಗಿ, 2006ರ ಗುಂಡಿನ ದಾಳಿಯ ನಂತರ ನಿಂತುಹೋಯಿತು. ಬಾಡಿಗೆ ಗಗನಕ್ಕೇರಿತು. ಸಂಗಾತಿಯನ್ನು ಅರಸಲು ಮೊಬೈಲ್ ಸಾಕಾಯಿತು. ಬಾರಿಗೆ ಹೋಗಲೇಬೇಕೆಂಬ ಅನಿವಾರ್ಯತೆ ತಪ್ಪಿದ್ದು ಒಂದು ಗೆಲುವೂ ಹೌದು. ಆದರೆ ಹಿರಿಯರೂ ಕಿರಿಯರೂ ಒಂದೇ ಮೇಜಿನ ಸುತ್ತ ಕೂಡುವ ಅವಕಾಶವೂ ಅದರೊಂದಿಗೆ ಕಡಿಮೆಯಾಯಿತು. ನಗರವು 2015ರಲ್ಲಿ ಹಳೆಯ ವ್ಯಾಪಾರಗಳ ಸಂರಕ್ಷಣಾ ಪಟ್ಟಿಯನ್ನು ಆರಂಭಿಸಿದ್ದು, 2019ರಲ್ಲಿ ಕ್ಯಾಸ್ಟ್ರೋವನ್ನು ಸಾಂಸ್ಕೃತಿಕ ವಲಯವೆಂದು ಗುರುತಿಸಿದ್ದು ಈ ನಷ್ಟವನ್ನು ತಡೆಯುವ ಪ್ರಯತ್ನಗಳು.

ಟ್ವಿನ್ ಪೀಕ್ಸ್‌ಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚೆಂದು ತರುಣರು ಅದಕ್ಕೆ ‘ಗಾಜಿನ ಶವಪೆಟ್ಟಿಗೆ’ ಎಂಬ ಅಡ್ಡಹೆಸರಿಟ್ಟಿದ್ದರು. ಗೇಲಿ ಕಟುವಾದುದೇ. ಆದರೆ ಗೆಳೆಯರಲ್ಲಿ ಅರ್ಧಕ್ಕರ್ಧ ಮಂದಿಗೆ ತಲೆ ನರೆಯುವ ಭಾಗ್ಯವೇ ಸಿಗದ ಬಡಾವಣೆಯಲ್ಲಿ, ನರೆತ ತಲೆಯ ಒಬ್ಬ ಮನುಷ್ಯ ಸಂಜೆ ಕಿಟಕಿಯ ಬಳಿ ನಿರ್ಭಯವಾಗಿ ಕುಳಿತು ಬೀದಿ ನೋಡುವುದು ಸಣ್ಣ ಸಂಗತಿಯಲ್ಲ. ಅವನನ್ನು ಮಾತಿಗೆಳೆದು, ಅವನು ಹೇಳುವ ಹೆಸರುಗಳನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲವೂ ಹೆಚ್ಚಿಲ್ಲ.