ನೀರು ಉಕ್ಕಿದ್ದು ತೆರೆಗೆ ಗೊತ್ತಾಗಲಿಲ್ಲ

ಯಾದಗಿರಿ ಸೀಮೆಯ ನಾರಾಯಣಪುರ ಎಡದಂಡೆ ಕಾಲುವೆಯ ಸಾವಿರಾರು ಗೇಟುಗಳನ್ನು ಏರಿಸಿ ಇಳಿಸಲು ಈಗ ಹ್ಯಾಂಡಲ್ ತಿರುಗಿಸಬೇಕಿಲ್ಲ. ಗೇಟಿನಲ್ಲಿರುವ ಸೆನ್ಸರ್ ನೀರಿನ ಮಟ್ಟ ಅಳೆಯುತ್ತದೆ, ಆ ಅಂಕಿ ದೂರದ ಕಂಟ್ರೋಲ್ ರೂಮಿನ ತೆರೆಯ ಮೇಲೆ ಮೂಡುತ್ತದೆ, ಅಲ್ಲಿಂದ ಬಂದ ಆದೇಶಕ್ಕೆ ಗೇಟು ಅಲುಗುತ್ತದೆ. ಈ ಏರ್ಪಾಟಿನ ಹೆಸರು ಸ್ಕಾಡಾ. ವಿದ್ಯುತ್ ಜಾಲ, ತೈಲದ ಪೈಪ್‌ಲೈನ್, ನಗರಗಳ ಕುಡಿಯುವ ನೀರು, ಎಲ್ಲ ಕಡೆಯೂ ಇದೇ ನಡೆಯುವುದು.

ನಿಜವಾದ ದುಡಿಮೆ ಮಾತ್ರ ಸ್ಥಳದಲ್ಲೇ ಇರುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿನದು. ಸೆನ್ಸರಿನ ಅಂಕಿ ಓದುವುದು, ಬರೆದಿಟ್ಟ ನಿಯಮದೊಂದಿಗೆ ತಾಳೆ ನೋಡುವುದು, ಮೋಟಾರ್ ಓಡಿಸುವುದು ಇಲ್ಲವೇ ನಿಲ್ಲಿಸುವುದು. ಸೆಕೆಂಡಿಗೆ ಹತ್ತಾರು ಸಲ ಇದೇ ಸುತ್ತು. ದೂರದ ಕೊಠಡಿಯ ಸಂಪರ್ಕ ಕಡಿದುಹೋದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿರಬಲ್ಲದು.

ಆದರೆ ಪಿಎಲ್‌ಸಿಯಾಗಲಿ, ತೆರೆಯ ಮುಂದಿನ ಆಪರೇಟರ್ ಆಗಲಿ ನೀರನ್ನು ನೋಡುವುದಿಲ್ಲ, ನೋಡುವುದು ಅಂಕಿಯನ್ನು.

ಇದರ ಬೆಲೆ ಏನೆಂಬುದು ಅಮೆರಿಕದ ಮಿಸೌರಿ ರಾಜ್ಯದ ಟಾಮ್ ಸಾಕ್‌ನಲ್ಲಿ ಗೊತ್ತಾಯಿತು. ಅದು ರಾತ್ರಿ ಬೆಟ್ಟದ ಮೇಲಿನ ಜಲಾಶಯಕ್ಕೆ ನೀರೆತ್ತಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಸ್ಥಾವರ. (ಶರಾವತಿ ಕಣಿವೆಯಲ್ಲಿ ವಾದ ಎಬ್ಬಿಸಿರುವುದೂ ಇದೇ ಬಗೆಯ ಯೋಜನೆ.) ನಿಯಂತ್ರಣವೆಲ್ಲ ದೂರದಿಂದಲೇ. ನೀರಿನ ಒತ್ತಡದಿಂದ ಆಳ ತಿಳಿಸುವ ಸೆನ್ಸರ್‌ಗಳನ್ನು ಜಲಾಶಯದೊಳಗೆ ಕೊಳವೆಗಳಲ್ಲಿ ಇಳಿಬಿಟ್ಟಿದ್ದರು. ಕೊಳವೆಗಳ ಬಿಗಿತ ಸಡಿಲಿ, ಅವು ಬಾಗಿ, ಸೆನ್ಸರ್‌ಗಳು ಇದ್ದ ಜಾಗದಿಂದ ಮೇಲೆದ್ದವು. ಸೆನ್ಸರ್ ಮೇಲೆದ್ದಷ್ಟೂ ಅದರ ಮೇಲಿನ ಒತ್ತಡ ಕಡಿಮೆ; ಹಾಗಾಗಿ ತುಂಬುತ್ತಿದ್ದ ಜಲಾಶಯ ತೆರೆಯ ಮೇಲೆ ಇನ್ನೂ ತುಂಬಿಲ್ಲವೆಂದೇ ತೋರುತ್ತಿತ್ತು. ವಿಚಿತ್ರವೆಂದರೆ, ಸಡಿಲವಾದದ್ದು ವಾರಗಳ ಮೊದಲೇ ಗೊತ್ತಿತ್ತು. ದುರಸ್ತಿಯನ್ನು ಮುಂದಕ್ಕೆ ಹಾಕಿ, ಸಾಫ್ಟ್‌ವೇರ್‌ನಲ್ಲೇ ಅಂಕಿಯನ್ನು ಸರಿದೂಗಿಸಿದ್ದರು! ಅಪಾಯದಲ್ಲಿ ಪಂಪ್ ನಿಲ್ಲಿಸಬೇಕಿದ್ದ ಮೀಸಲು ಸೆನ್ಸರ್‌ಗಳಿದ್ದದ್ದೋ, ಗೋಡೆಯ ಅತಿ ತಗ್ಗಾದ ಅಂಚಿಗಿಂತಲೂ ಎತ್ತರದಲ್ಲಿ.

2005ರ ಡಿಸೆಂಬರ್ 14ರ ನಸುಕಿನಲ್ಲಿ ನೀರು ಗೋಡೆ ದಾಟಿತು. ಕಲ್ಲು ಪೇರಿಸಿ ಕಟ್ಟಿದ ಗೋಡೆ ಕೊರೆದು ಒಡೆಯಿತು. ಅರ್ಧ ಗಂಟೆಯೊಳಗೆ ಸುಮಾರು 500 ಕೋಟಿ ಲೀಟರ್ ನೀರು ಕಣಿವೆಗೆ ನುಗ್ಗಿ, ಅಲ್ಲಿನ ಉದ್ಯಾನದ ಅಧಿಕಾರಿಯ ಮನೆಯನ್ನು ಕುಟುಂಬದ ಸಮೇತ ಕೊಚ್ಚಿಕೊಂಡು ಹೋಯಿತು. ಚಳಿಗಾಲವಾದ್ದರಿಂದ ಪ್ರವಾಸಿಗರ ಶಿಬಿರ ಬರಿದಾಗಿತ್ತು. ಕೊಚ್ಚಿಹೋದ ಕುಟುಂಬದವರೆಲ್ಲ ಬದುಕಿ ಉಳಿದರು.

ಅಲ್ಲಿ ಮರಳಿ ಕಟ್ಟಿದ ಜಲಾಶಯ 2010ರಲ್ಲಿ ಕೆಲಸ ಆರಂಭಿಸಿತು. ಹಳೆಯದರಲ್ಲಿ ಕೋಡಿಯೇ ಇರಲಿಲ್ಲ. ಹೊಸದರಲ್ಲಿ ಹೆಚ್ಚಾದ ನೀರು ಯಾವ ಸೆನ್ಸರಿನ ಅಪ್ಪಣೆಗೂ ಕಾಯದೆ ತಾನೇ ಹರಿದುಹೋಗುವಂತೆ ದಾರಿ ಬಿಟ್ಟಿದ್ದಾರೆ.